ಮೂರನೆಯ ಬಸ್ಸಿನ ಕಾಶವ್ವ

ಕಾಶವ್ವನ ತುರುಬಿನಲ್ಲಿ ನಾನು ಹೂವು ನೋಡಿದ್ದು ಒಂದೇ ಸಲ. ಉಳಿದ ದಿನಗಳಲ್ಲೆಲ್ಲ ಅಲ್ಲಿ ಒಂದು ದಬ್ಬಣ ಇರುತ್ತಿತ್ತು. ಗೇಣುದ್ದದ, ತುದಿ ತುಸು ಬಾಗಿದ, ಬಸ್ಸಿನ ಸೀಟು ಹೊಲಿಯುವ ದಬ್ಬಣ. ಮಾತಿನ ನಡುವೆ ಸಿಟ್ಟು ಬಂದರೆ ಅದನ್ನು ಸರ್ರನೆ ಎಳೆದು ಕೈಗೆ ತೆಗೆದುಕೊಳ್ಳುತ್ತಿದ್ದಳು. ಆಗ ತುರುಬು ಬಿಚ್ಚಿ ಬೆನ್ನ ಮೇಲೆ ಬೀಳುತ್ತಿತ್ತು. ಎದುರಿಗಿದ್ದವರು ದಬ್ಬಣಕ್ಕೆ ಹೆದರುತ್ತಿದ್ದರೋ ಬಿಚ್ಚಿದ ಕೂದಲಿಗೆ ಹೆದರುತ್ತಿದ್ದರೋ ಹೇಳುವುದು ಕಷ್ಟ. ಬಯ್ದು ಮುಗಿದ ಮೇಲೆ ಕೂದಲು ಸುತ್ತಿ, ದಬ್ಬಣ ಸಿಕ್ಕಿಸಿ, "ಹ್ಞಾ, ಈಗ ಚಾ ಕುಡೀರಿ" ಎನ್ನುತ್ತಿದ್ದಳು, ಏನೂ ಆಗಿಲ್ಲವೆಂಬಂತೆ.

ಐವತ್ತರ ದಶಕದ ನಡುವಿನ ಮಾತು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯಲ್ಲಿ ಗುಮಾಸ್ತನಾಗಿ ನಾಗಪುರಕ್ಕೆ ಬಂದಿದ್ದೆ. ಸಂಜೆ ಕಾನೂನು ಕಾಲೇಜಿನ ತರಗತಿಗೂ ಹೋಗುತ್ತಿದ್ದೆ. ಕಾಮಠಿ ರಸ್ತೆಯ ಪಕ್ಕದ ಗಲ್ಲಿಯಲ್ಲಿ ನನ್ನ ಬಾಡಿಗೆ ಕೋಣೆ. ಕಿಟಕಿ ತೆರೆದರೆ ಎದುರಿಗೇ ಕಾಶವ್ವನ ಶೆಡ್ಡು. ಆಗಿನ ಬಸ್ಸುಗಳು ಇಡಿಯಾಗಿ ಕಾರ್ಖಾನೆಯಿಂದ ಬರುತ್ತಿರಲಿಲ್ಲ. ಎಂಜಿನ್ನು, ಚಕ್ರಗಳು, ಉಕ್ಕಿನ ಎರಡು ಉದ್ದ ತೊಲೆ, ಡ್ರೈವರನಿಗೊಂದು ಸೀಟು, ಇಷ್ಟೇ ಇರುವ ಚಾಸಿ ಬರುತ್ತಿತ್ತು. ಮೋಟಾರು ಕಂಪನಿಗಳು ಅದನ್ನು ತಂದು ಇಂಥ ಶೆಡ್ಡುಗಳಲ್ಲಿ ಬಿಡುತ್ತಿದ್ದವು. ದಕ್ಷಿಣಕ್ಕಿದ್ದ ಚಾಂದಾ ಜಿಲ್ಲೆಯ ಕಾಡಿನ ಸಾಗವಾನಿಯಲ್ಲಿ ಹಂದರ ಕಟ್ಟಿ, ಮೇಲೆ ತಗಡು ಹೊಡೆದು, ಒಳಗೆ ಸೀಟು ಕೂರಿಸಿ, ಬಣ್ಣ ಬಳಿದು ಅದನ್ನು ಬಸ್ಸು ಮಾಡುವವರು ಈ ಜನ.

ಶೆಡ್ಡನ್ನು ಹಾಕಿದವನು ಕಾಶವ್ವನ ಗಂಡ ಮಾನಪ್ಪ ಬಡಿಗೇರ. ಬಾಗಲಕೋಟೆ ಕಡೆಯವನು. ಮರದ ಕೆಲಸ ಅವನದು, ಸೀಟಿನ ಕೆಲಸ ಇವಳದು. ಬಣ್ಣಕ್ಕೆ ಗುಲಾಬ್ ಮಿಸ್ತ್ರಿ ಎಂಬ ನಾಗಪುರದವನೇ ಆದ ಮುದುಕ. ತಗಡಿಗೆ, ಕಬ್ಬಿಣಕ್ಕೆ ಇನ್ನು ಕೆಲವರು. ಅಲ್ಲಿ ಯಾರೂ ಯಾರ ನೌಕರರೂ ಅಲ್ಲ. ಬಂದದ್ದನ್ನು ಹಂಚಿಕೊಳ್ಳುತ್ತಿದ್ದರು.

ಮೊದಲ ದಿನ ನಾನು ಆಕೆಯನ್ನು "ಕಾಶಮ್ಮನವರೇ" ಎಂದು ಕರೆದೆ. ಶೆಡ್ಡಿಗೆಲ್ಲ ಕೇಳುವಂತೆ ನಕ್ಕಳು.

"ಅಷ್ಟುದ್ದ ಹೆಸರು ಕರ್ಯೂದ್ರಾಗ ಚಾ ತಣ್ಣಗಾಗ್ತೈತ್ರಿ. ಕಾಶವ್ವ ಅನ್ರಿ, ಬರೋಬರ್ ಆಗ್ತೈತಿ. ಎಷ್ಟು ಓದೀರಿ ನೀವು?"

ಬಿ.ಎ. ಎಂದೆ. ಅಂದಿನಿಂದ ನಾನು 'ಬೀಯೆ ಸಾಹೇಬ್ರು'. ರೊಟ್ಟಿ ಕೊಡುವಾಗಲೂ ಅದೇ, ಗೇಲಿ ಮಾಡುವಾಗಲೂ ಅದೇ. ನಾನು ಮಾಡಿಕೊಳ್ಳುವ ಕಾಫಿಗೆ ಆಕೆ ಇಟ್ಟ ಹೆಸರು ಕರೀ ಕಷಾಯ. ಗುಲಾಬನೊಂದಿಗೆ ಹಿಂದಿ, ಬೀದಿಯವರೊಂದಿಗೆ ಮರಾಠಿ, ನನ್ನೊಂದಿಗೆ ಕನ್ನಡ. ಸಿಟ್ಟು ಬಂದಾಗ ಮಾತ್ರ ಮೂರೂ ಒಟ್ಟಿಗೆ ಬರುತ್ತಿದ್ದವು.

ಸೀಟಿನ ವಿಷಯದಲ್ಲಿ ಆಕೆಯದು ಒಂದು ಹಟ. ತೆಂಗಿನ ನಾರನ್ನು ಎಳೆಎಳೆಯಾಗಿ ಬಿಡಿಸಿ ತುಂಬಬೇಕು, ಒಳಗೆ ಒಂದು ಗಂಟೂ ಇರಕೂಡದು. ಹೊಲಿಗೆ ಮುಗಿದ ಮೇಲೆ ಸೀಟಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಕೆಂಪು ದಾರದಲ್ಲಿ ಒಂದು ಅಡ್ಡ ಹೊಲಿಗೆ ಹಾಕಿ ಹಲ್ಲಿನಿಂದ ದಾರ ಕತ್ತರಿಸುತ್ತಿದ್ದಳು. ಆಮೇಲೆ ಗಲ್ಲಿಯಲ್ಲಿ ಹೋಗುವ ದಪ್ಪ ಮನುಷ್ಯರನ್ನು ಹುಡುಕುವುದು. ಇತವಾರಿಯ ಒಬ್ಬ ಧಾನ್ಯದ ವ್ಯಾಪಾರಿ ಆ ದಾರಿಯಲ್ಲಿ ಬಂದರೆ, "ಯಾ ಭಾವೂ, ಬಸಾ" ಎಂದು ಮರಾಠಿಯಲ್ಲಿ ಕರೆದು ಸೀಟಿನ ಮೇಲೆ ಕೂರಿಸದೆ ಬಿಡುತ್ತಿರಲಿಲ್ಲ. ಆತ ಎದ್ದ ಮೇಲೆ ಸೀಟು ಮತ್ತೆ ಉಬ್ಬಿ ಮೊದಲಿನಂತಾಗಬೇಕು. ಆಗದಿದ್ದರೆ ಬಿಚ್ಚಿ ಮತ್ತೆ ತುಂಬುತ್ತಿದ್ದಳು. ಇಷ್ಟೆಲ್ಲ ಯಾಕೆ ಎಂದು ಕೇಳಿದ್ದಕ್ಕೆ, "ಚಾಂದಾತನಕ ಕೂತು ಹೋಗೂ ಮಂದಿ ನಮ್ಮ ಹೆಸರು ತಗೊಳ್ಳೂದು ಬ್ಯಾಡ. ಬೈಬಾರ್ದು, ಅಷ್ಟ" ಎಂದಳು.

ಇಂಥವಳ ಕೂಲಿಯನ್ನು ನುಂಗಿದವರ ಬಗ್ಗೆ ಈಗ ಹೇಳಬೇಕು. ಇಷ್ಟು ವರ್ಷಗಳಾದರೂ ನಿಧಾನವಾಗಿ ಹೇಳುವುದು ನನ್ನಿಂದ ಆಗುವುದಿಲ್ಲ.

ಒಂದು ಮೋಟಾರು ಕಂಪನಿಯ ಶೇಠ್ ಮಾನಪ್ಪನ ಶೆಡ್ಡಿಗೆ ಮೂರು ಚಾಸಿ ಕೊಟ್ಟಿದ್ದ. ಮೊದಲ ಬಸ್ಸು ತಯಾರಾದಾಗ ಹಣ ನಾಳೆ ಎಂದು ತೆಗೆದುಕೊಂಡು ಹೋದ. ಎರಡನೆಯದು ತಯಾರಾದಾಗ, ಮೂರೂ ಮುಗಿಯಲಿ, ಒಟ್ಟಿಗೆ ಕೊಡೋಣ ಎಂದ. ಮಾನಪ್ಪ ಮಾತಿಗೆ ಮರುಮಾತು ಆಡದವನು. ಎರಡನ್ನೂ ಕೊಟ್ಟುಬಿಟ್ಟ. ಮರದ ಡಿಪೋದವರು ಬಾಕಿಗಾಗಿ ಬಾಗಿಲಿಗೆ ಬಂದರು. ಶೆಡ್ಡಿನವರ ಮನೆಗಳಲ್ಲಿ ಒಲೆ ಹೊತ್ತುವುದು ಕಷ್ಟವಾಯಿತು. ಆ ವರ್ಷದ ಮೇ ತಿಂಗಳ ಬಿಸಿಲಿನಲ್ಲಿ ಮಾನಪ್ಪ ದಿನಾ ಕಂಪನಿಯ ಕಚೇರಿಗೆ ನಡೆದುಹೋಗಿ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದ. ನಾಗಪುರದ ಮೇ ತಿಂಗಳು ಕಂಡವರಿಗೆ ಅದೇನೆಂದು ಗೊತ್ತು. ಅಲ್ಲಿನವರು ಲೂ ಎನ್ನುವ ಬಿಸಿಗಾಳಿ ಬಡಿದು ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ.

"ಲೂ ಬಡದು ಹೋದ ಅಂತಾರ ಮಂದಿ" ಎನ್ನುತ್ತಿದ್ದಳು ಕಾಶವ್ವ. "ಲೂ ಅಲ್ರಿ. ಅವನಿಗೆ ಆ ಬೆಂಚು ಬಡೀತು."

ಅತ್ತ ಆ ಎರಡು ಬಸ್ಸುಗಳು ಕಾಮಠಿ ರಸ್ತೆಯಲ್ಲಿ ದಿನಾ ಓಡುತ್ತಿದ್ದವು. ಮಾನಪ್ಪ ಕೆತ್ತಿದ ಕಿಟಕಿ, ಕಾಶವ್ವ ಹೊಲಿದ ಸೀಟು, ಗುಲಾಬ್ ಬರೆದ ಹೂಬಳ್ಳಿ. ಜನ ಟಿಕೆಟು ಕೊಂಡು ಹತ್ತುತ್ತಿದ್ದರು. ಶೇಠ್ ಸಂಪಾದಿಸುತ್ತಿದ್ದ. ಆಕೆ ಮಾತ್ರ ಆ ಎರಡರಲ್ಲಿ ಎಂದೂ ಕಾಲಿಡಲಿಲ್ಲ. ಸೀತಾಬರ್ಡಿಗೆ ಹೋಗಬೇಕಾದರೂ ನಡೆದೇ ಹೋಗುತ್ತಿದ್ದಳು. ಪಕ್ಕದಲ್ಲಿ ಬಸ್ಸು ಬಂದರೆ ನಿಂತು ಅದು ದಾಟುವವರೆಗೆ ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು.

ಒಂದು ಭಾನುವಾರ ನಾನೂ ಆಕೆಯೊಂದಿಗೆ ರಾಮದಾಸಪೇಠಿನ ಶೇಠ್ ಬಂಗಲೆಗೆ ಹೋದೆ. ಶೇಠ್ ಬಹಳ ನಯವಾಗಿ ಮಾತಾಡಿದ. ಮಾನಪ್ಪನನ್ನು ನೆನೆದು ನಿಟ್ಟುಸಿರು ಬಿಟ್ಟ. ಹಣದ ಮಾತಿಗೆ ಮಾತ್ರ ಮೂರನೆಯದು ಮುಗಿಯಲಿ ಎಂದ. ಆಮೇಲೆ ನೆನಪಾದವನಂತೆ, ಮನೆಯ ಸೋಫಾದ ಗಾದಿಗಳು ಕುಸಿದಿವೆ, ಬಂದಿದ್ದೀಯಲ್ಲ, ಸ್ವಲ್ಪ ನೋಡು ಎಂದ. ಗಂಡನ ಕೂಲಿ ಕೇಳಲು ಬಂದ ಹೆಂಗಸಿಗೆ ಬಿಟ್ಟಿ ಕೆಲಸ ಹೇಳಿದ. ನನ್ನ ಮೈ ಉರಿಯಿತು. ಕಾಶವ್ವ ಗಾದಿಗಳನ್ನು ಒತ್ತಿ ನೋಡಿ, ಶೆಡ್ಡಿನಲ್ಲೇ ಮಾಡಬೇಕಾಗುತ್ತದೆಂದು ಹೇಳಿ, ಎರಡನ್ನು ತಾನು ತಲೆಯ ಮೇಲಿಟ್ಟುಕೊಂಡು ಒಂದನ್ನು ನನ್ನ ಸೈಕಲ್ಲಿಗೆ ಕಟ್ಟಿಸಿದಳು.

ಗಾದಿಗಳನ್ನು ಚೆನ್ನಾಗಿಯೇ ತುಂಬಿದಳು. ಆದರೆ ಹಿಂದಕ್ಕೆ ಕೊಡಲಿಲ್ಲ. ಆಳು ಬಂದ, ಬರಿಗೈಯಲ್ಲಿ ಹೋದ. ಮತ್ತೆ ಬಂದ. ಶೇಠ್ ಮನೆಗೆ ಬೀಗರು ಬರುವವರಿದ್ದರಂತೆ. ಮೂರನೆಯ ಸಲ ಆಳು ಗಾದಿಯ ಕೂಲಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದ. ಕಾಶವ್ವ ಅದನ್ನು ತೆಗೆದುಕೊಂಡು ಗಾದಿ ಕೊಟ್ಟು, ತುರುಬಿನಿಂದ ದಬ್ಬಣ ಎಳೆದಳು.

"ನೋಡಿದ್ರೇನ್ರಿ ಬೀಯೆ ಸಾಹೇಬ್ರ? ಅವನ ಕುಂಡಿ ಕೂಡೂ ಗಾದಿಗೆ ರೊಕ್ಕ ಐತಿ. ನನ್ನ ಗಂಡನ ಜೀವಕ್ಕ ಇಲ್ಲ. ಕೊಡಾಕ ಆಗೂದಿಲ್ಲ ಅಂತಲ್ಲ. ನಮ್ಮ ಕೈಯಾಗ ಏನೂ ಇಲ್ಲ ಅಂತ ಕೊಡೂದಿಲ್ಲ."

ಅಷ್ಟು ಹೊತ್ತಿಗೆ ಮಾನಪ್ಪ ಹಂದರ ಕಟ್ಟಿ ಬಿಟ್ಟುಹೋಗಿದ್ದ ಮೂರನೆಯ ಬಸ್ಸು ಶೆಡ್ಡಿನಲ್ಲಿ ಮುಗಿಯುತ್ತ ಬಂದಿತ್ತು. ನಾನು ಆಕೆಯನ್ನು ಧಂತೋಲಿಯಲ್ಲಿದ್ದ ನನ್ನ ಕಾಲೇಜಿನ ಗುರುಗಳೊಬ್ಬರ ಬಳಿಗೆ ಕರೆದುಕೊಂಡು ಹೋದೆ. ಹಿರಿಯ ವಕೀಲರು. ಎಲ್ಲ ಕೇಳಿ ಅವರು ಸ್ಪಷ್ಟವಾಗಿ ಹೇಳಿದರು. ಇನ್ನೊಬ್ಬರ ವಸ್ತುವಿನ ಮೇಲೆ ದುಡಿದವರು ಕೂಲಿ ಸೇರುವವರೆಗೆ ಆ ವಸ್ತುವನ್ನು ತಮ್ಮಲ್ಲೇ ಹಿಡಿದಿಟ್ಟುಕೊಳ್ಳಬಹುದು. ಕಾಯಿದೆಯೇ ಕೊಟ್ಟ ಹಕ್ಕು ಅದು, ಯಾರೂ ಕಳ್ಳತನ ಅನ್ನುವಂತಿಲ್ಲ. ಆದರೆ ಯಾವ ವಸ್ತುವಿನ ಮೇಲೆ ದುಡಿದರೋ ಅದರ ಕೂಲಿಗೆ ಮಾತ್ರ. ಓಡುತ್ತಿರುವ ಎರಡರ ಬಾಕಿಗೆ ಈ ಮೂರನೆಯದನ್ನು ಹಿಡಿಯುವಂತಿಲ್ಲ. ಹಿಡಿಯಬಹುದೇ ಹೊರತು ಮಾರುವಂತಿಲ್ಲ. ಮುಖ್ಯವಾಗಿ, ವಸ್ತು ಒಮ್ಮೆ ಕೈಬಿಟ್ಟು ಹೋಯಿತೋ, ಹಕ್ಕು ಅದರ ಜೊತೆಗೇ ಹೋಯಿತು.

ಕಾಶವ್ವ ಮೆಟ್ಟಿಲಿಳಿದು ಬೀದಿಗೆ ಬಂದಳು. ಆಮೇಲೆ, "ಅಂದ್ರ ಮಾನಪ್ಪ ನಂಬಿ ಕೊಟ್ಟ ನೋಡ್ರಿ, ಅದಕ್ಕ ಕಾಯ್ದೇದಾಗ ಬೆಲೆ ಇಲ್ಲ. ನಂಬಲಾರದವರಿಗೆ ಐತಿ" ಎಂದಳು.

ಮರುದಿನವೇ ಆ ಬಸ್ಸಿನ ಚಕ್ರಗಳನ್ನು ಬಿಚ್ಚಿಸಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದಳು. ಬಾಡಿಯನ್ನು ಚಾಸಿಗೆ ಬಿಗಿಯುವ ಉದ್ದನೆಯ ಬೋಲ್ಟುಗಳನ್ನೂ ಕಳಚಿಸಿ ಗೋಣಿಚೀಲದಲ್ಲಿ ಹಾಕಿ ಶೆಡ್ಡಿನ ತೊಲೆಗೆ ನೇತುಹಾಕಿದಳು. ಈಗ ಬಸ್ಸು ಚಾಸಿಯ ಮೇಲೆ ಸುಮ್ಮನೆ ಕೂತಿತ್ತು, ಮಣೆಯ ಮೇಲೆ ಇಟ್ಟ ಪೆಟ್ಟಿಗೆಯ ಹಾಗೆ. ಈ ಬಸ್ಸಿನ ಕೂಲಿ ಕೊಟ್ಟು ಒಯ್ಯಿ ಎಂದು ಶೇಠ್‌ಗೆ ಹೇಳಿಕಳಿಸಿದಳು. ಕಂಪನಿಯ ಮ್ಯಾನೇಜರ್ ಬಂದು ಬೆದರಿಸಿದ, ಪೊಲೀಸರ ಹೆಸರು ಹೇಳಿದ. ವಕೀಲರ ಒಂದು ನೋಟೀಸು ಹೋದ ಮೇಲೆ ಸುಮ್ಮನಾದ. ಮಳೆಗಾಲ ಹಾಗೆಯೇ ಕಳೆಯಿತು.

ನವರಾತ್ರಿ ಬಂತು. ಖಂಡೇನವಮಿಯ ದಿನ ಶೆಡ್ಡಿನವರು ಉಳಿ, ಬಾಚಿ, ಸುತ್ತಿಗೆ, ಪಾನಾ ಎಲ್ಲವನ್ನೂ ತೊಳೆದು ಪೂಜೆಗೆ ಇಡುತ್ತಾರೆ. ಒಮ್ಮೆ ಪೂಜೆಗೆ ಕೂತ ಹತ್ಯಾರವನ್ನು ಮರುದಿನ ದಸರೆಯ ಬೆಳಿಗ್ಗೆ ಆರತಿ ಆಗುವವರೆಗೆ ಯಾರೂ ಮುಟ್ಟುವುದಿಲ್ಲ. ಬಾಗಲಕೋಟೆಯಲ್ಲೂ ಹಾಗೆಯೇ, ನಾಗಪುರದಲ್ಲೂ ಹಾಗೆಯೇ. ಆ ದಿನ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಬಸ್ಸಿಗೆ ಚಕ್ರ ಹಾಕುತ್ತಿದ್ದಾರೆ. ಓಡಿಹೋಗಿ ಕೇಳಿದೆ. ಕಾಶವ್ವ ನನ್ನನ್ನು ತಿಳಿವಳಿಕೆಯಿಲ್ಲದವನಂತೆ ನೋಡಿದಳು.

"ಕಾಲಿಲ್ಲದ ಗಾಡಿಗೆ ಪೂಜಿ ಮಾಡ್ತಾರೇನ್ರಿ? ಭಿನ್ನ ಆದದ್ದನ್ನ ದೇವರ ಮುಂದ ನಿಲ್ಲಸೂದಿಲ್ಲ. ಇವತ್ತು ಒಂದಿನ ಅದರ ಕಾಲ ಮ್ಯಾಲೆ ಅದು ನಿಲ್ಲಲಿ. ನಾಳೆ ಆರತಿ ಆದ ಕೂಡ್ಲೆ ಬಿಚ್ಚತೀವಿ."

ಶೇಠ್ ಮೇಲಿನ ಸಿಟ್ಟು ಬೇರೆ, ಬಸ್ಸಿಗೆ ಸಲ್ಲಬೇಕಾದ ಮರ್ಯಾದೆ ಬೇರೆ. ಆಕೆಗೆ ಅದರಲ್ಲಿ ಗೊಂದಲವೇ ಇರಲಿಲ್ಲ. ಚಕ್ರ ಹಾಕಿದ ಪಾನಾಗಳು ಪೂಜೆಗೆ ಕೂತವು. ಬೋಲ್ಟಿನ ಗೋಣಿಚೀಲವೂ ಕುಂಕುಮ ಹಚ್ಚಿಸಿಕೊಂಡು ಅವುಗಳ ಪಕ್ಕ ಕೂತಿತು. ತುರುಬಿನ ದಬ್ಬಣವೂ ಅಲ್ಲಿಯೇ. ನಾಲ್ಕೂ ಕಡೆ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟರು. ಗಂಡ ಸತ್ತವಳು ಪೂಜೆ ಮಾಡುವುದೇ ಎಂದು ಗಲ್ಲಿಯಲ್ಲಿ ಯಾರೋ ಗೊಣಗಿದರು. ಆಕೆ ಕೇಳಿಸಿಕೊಳ್ಳಲಿಲ್ಲ. ಬಸ್ಸಿನ ಹಾರದಿಂದ ಒಂದು ಚೆಂಡುಹೂವನ್ನು ಗುಲಾಬ್ ಮಿಸ್ತ್ರಿ ಕಿತ್ತು ಕೊಟ್ಟಾಗ ತುರುಬಿಗೆ ಸಿಕ್ಕಿಸಿಕೊಂಡಳು. "ದಬ್ಬಣ ದೇವರ ಮುಂದ ಕೂತೈತಿ. ಇದಾದ್ರೂ ಇರಲಿ" ಎಂದಳು. ನಾನು ಹೂವು ನೋಡಿದ್ದು ಆಗಲೇ.

ಮ್ಯಾನೇಜರನಿಗೂ ಈ ಪದ್ಧತಿ ಗೊತ್ತಿತ್ತು. ಅವನೂ ಮನೆಯಲ್ಲಿ ಪೂಜೆ ಮಾಡುವವನೇ. ಗೊತ್ತಿದ್ದೇ ಆ ದಿನವನ್ನು ಆರಿಸಿದ. ನನ್ನ ಸಿಟ್ಟು ಅಲ್ಲಿದೆ. ಬೇರೆಯವರ ಭಕ್ತಿಯನ್ನು ತಿಳಿಯದೆ ತುಳಿದಿದ್ದರೆ ಕ್ಷಮಿಸಬಹುದಿತ್ತು. ಇವನು ಅದನ್ನು ಬೀಗ ತೆಗೆದಿಟ್ಟ ಬಾಗಿಲಿನಂತೆ ಬಳಸಿದ.

ಮಧ್ಯಾಹ್ನ ಶೆಡ್ಡಿನವರು ಊಟಕ್ಕೆ ಮನೆಗೆ ಹೋಗಿದ್ದರು. ಗೇಟಿನ ಬಳಿ ಗುಲಾಬ್ ಒಬ್ಬನೇ ಇದ್ದ. ನಾನು ಬಸ್ಸಿನೊಳಗೆ ಕೂತು ಕಾಶವ್ವ ಕೊಟ್ಟ ಹೋಳಿಗೆ ತಿನ್ನುತ್ತಿದ್ದೆ. ಆಕೆ ಒಂದೊಂದೇ ಸೀಟಿಗೆ ಕುಂಕುಮ ಹಚ್ಚುತ್ತ ಹಿಂದಿನಿಂದ ಮುಂದಕ್ಕೆ ಬರುತ್ತಿದ್ದಳು. ಗೇಟು ಧಡಾರೆಂದು ತೆರೆದುಕೊಂಡಿತು. ಗುಲಾಬ್ ಕೂಗಿದ್ದು, ಬಿದ್ದದ್ದು ಕೇಳಿಸಿತು. ಕಂಪನಿಯ ಡ್ರೈವರ್ ಯಶವಂತ ಹತ್ತಿ ಕೂತ. ಮ್ಯಾನೇಜರ್ ಅವನ ಪಕ್ಕ ಬಂದ. ಮುಂದೆ ಯಾರೋ ಎಂಜಿನ್ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲ್ ತಿರುಗಿಸಿದರು. ಎಂಜಿನ್ ಗುಡುಗಿತು. ಆ ಗುಡುಗಿನ ನಡುವೆಯೂ ನನಗೆ ಒಂದು ಸಣ್ಣ ಸದ್ದು ಕೇಳಿತು. ಚಕ್ರದ ಕೆಳಗೆ ನಿಂಬೆಹಣ್ಣು ಪಚಕ್ಕೆಂದು ಒಡೆದ ಸದ್ದು.

ಈಗಲೂ ಅಡುಗೆಮನೆಯಲ್ಲಿ ಯಾರಾದರೂ ನಿಂಬೆಹಣ್ಣು ಹಿಂಡಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

"ನೀವು ಇಳೀರಿ" ಎಂದಳು ಕಾಶವ್ವ. "ನಾ ಇಳಿಯಂಗಿಲ್ಲ. ನಾ ಇಳದ್ರ ಇದು ಅವರದಾಗ್ತೈತಿ."

ಇಳಿಯುವಷ್ಟು ಹೊತ್ತಿರಲಿಲ್ಲ. ಬಸ್ಸು ಗಲ್ಲಿ ದಾಟಿ ಕಾಮಠಿ ರಸ್ತೆಗೆ ಬಂದಿತ್ತು. ಹಬ್ಬದ ದಿನ, ರಸ್ತೆ ಖಾಲಿ. ಯಶವಂತ ವೇಗ ಹೆಚ್ಚಿಸಿದ. ಆಗ ನನ್ನ ಕಾಲಡಿಯ ನೆಲ ಮೆಲ್ಲಗೆ ಪಕ್ಕಕ್ಕೆ ಜರುಗಿ ಮತ್ತೆ ವಾಪಸು ಬಂತು. ಬೋಲ್ಟುಗಳು ಶೆಡ್ಡಿನಲ್ಲಿ ಕುಂಕುಮ ಹಚ್ಚಿಕೊಂಡು ಕೂತಿವೆ ಎಂಬುದು ನನಗೆ ಆ ಕ್ಷಣ ಹೊಳೆಯಿತು. ಚಾಸಿ ಓಡುತ್ತಿತ್ತು, ನಾವು ನಿಂತ ಮನೆಯಂಥ ಬಾಡಿ ಅದರ ಮೇಲೆ ತನ್ನ ಭಾರದಿಂದಷ್ಟೇ ಕೂತಿತ್ತು. ಸಾಗವಾನಿ ಕಿರುಗುಟ್ಟಿತು. ಹೋಳಿಗೆಯ ತಟ್ಟೆ ನೆಲದ ಮೇಲೆ ಈ ಕಡೆಯಿಂದ ಆ ಕಡೆಗೆ ಜಾರಿತು.

ಕಾಶವ್ವ ಸೀಟುಗಳನ್ನು ಹಿಡಿಯುತ್ತ ಮುಂದೆ ಹೋಗಿ, ಡ್ರೈವರನ ಸೀಟಿನ ಕಬ್ಬಿಣವನ್ನು ಬಲಗೈಯಿಂದ ಹಿಡಿದು ಬಾಗಿ ಹೇಳಿದಳು. ಕೂಗಲಿಲ್ಲ.

"ಯಶವಂತ ಭಾವೂ, ಬಾಡಿ ಬಾಂಧಿ ನಹೀಂ ಹೈ. ಬೋಲ್ಟ್ ಪೂಜಾ ಮೇ ಹೈ. ಧೀರೇ ರೋಕ್."

ಬಾಡಿ ಬಿಗಿದಿಲ್ಲ, ಮೆಲ್ಲಗೆ ನಿಲ್ಲಿಸು ಎಂದದ್ದಕ್ಕೆ ಮ್ಯಾನೇಜರ್ ನಕ್ಕು, ಸುಳ್ಳು ಹೇಳುತ್ತಾಳೆ, ನೀನು ನಡೆಸು ಎಂದ. ಯಶವಂತ ಕನ್ನಡಿಯಲ್ಲಿ ಆಕೆಯ ಮುಖ ನೋಡಿದ. ನಂಬಿದನೆಂದೇ ನನಗೆ ಅನ್ನಿಸಿತು. ಆದರೆ ಅಷ್ಟರಲ್ಲಿ ಬಸ್ಸು ರೈಲು ಹಳಿಗಳ ಮೇಲಿನ ಸೇತುವೆ ದಾಟಿ ಇಳಿಜಾರಿಗೆ ಬಿದ್ದಿತ್ತು, ಇಳಿಜಾರಿನ ಕೊನೆಗೆ ತಿರುವು. ಅವನು ಬ್ರೇಕ್ ಒತ್ತಿದ. ಚಾಸಿ ನಿಧಾನಿಸಿತು. ಬಾಡಿ ನಿಧಾನಿಸಲಿಲ್ಲ.

ಆ ಗಳಿಗೆಯನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ ಲೆಕ್ಕವಿಲ್ಲ. ಇಡೀ ಬಸ್ಸು ನಮ್ಮನ್ನು ಹೊತ್ತು ಮುಂದಕ್ಕೆ ಜಾರಿತು. ಡ್ರೈವರನ ಸೀಟು ಚಾಸಿಗೆ ಸೇರಿದ್ದು, ಅದರ ಹಿಂದಿನ ಮರದ ಅಡ್ಡಪಟ್ಟಿ ಬಾಡಿಗೆ ಸೇರಿದ್ದು. ಎರಡರ ನಡುವೆ ಕಾಶವ್ವನ ಕೈ ಇತ್ತು. ಬಾಡಿ ಓರೆಯಾಗಿ ತಿರುಗಿ, ಒಂದು ಮೂಲೆ ರಸ್ತೆ ಬದಿಯ ಕಲ್ಲಿನ ಗೋಡೆಗೆ ತಾಗಿ ನಿಂತಿತು. ಗಾಜು ಸುರಿಯಿತು. ಇನ್ನು ಮೊಳದಷ್ಟು ಜಾರಿದ್ದರೆ ನಾವೆಲ್ಲ ಗೋಡೆಯ ಆಚೆ, ಹಳಿಗಳ ಪಕ್ಕದ ಹಳ್ಳದಲ್ಲಿ ಇರುತ್ತಿದ್ದೆವು. ಆಕೆ ಚೀರಲಿಲ್ಲ. ಉಸಿರು ಒಳಗೆಳೆದುಕೊಂಡ ಒಂದು ಶಬ್ದ, ಅಷ್ಟೇ. ಯಶವಂತನೇ ಎಂಜಿನ್ನಿನ ಹ್ಯಾಂಡಲ್ಲಿನಿಂದ ಮರವನ್ನು ಮೀಟಿ ಕೈ ಬಿಡಿಸಿದ. ಮ್ಯಾನೇಜರ್ ಆಗಲೇ ಇಳಿದು ಹೋಗಿದ್ದ.

ಜನ ಸೇರಿದರು. ಟಾಂಗಾ ತಂದರು. ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾಶವ್ವ ಓರೆಯಾದ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತೇ ಇದ್ದಳು. ಸೆರಗು ಕೆಂಪಾಗಿ ತೊಟ್ಟಿಕ್ಕುತ್ತಿತ್ತು. ಇಳಿಯಿರಿ ಎಂದು ನಾನು ಕೈಮುಗಿದೆ. ಗದರಿಸಿದೆ. ಅತ್ತೆ. ಹಣೆಗೆ ಪೆಟ್ಟು ಬಿದ್ದ ಗುಲಾಬ್ ಮಿಸ್ತ್ರಿ, ಹಿಂದೆ ಶೆಡ್ಡಿನವರು, ಓಡಿಬಂದರು. ಆಕೆ ಗುಲಾಬನನ್ನು ಬಸ್ಸಿಗೆ ಹತ್ತಿಸಿಕೊಂಡು ತನ್ನ ಪಕ್ಕದ ಸೀಟು ತೋರಿಸಿದಳು.

"ತೂ ಬೈಠ್. ಫಿರ್ ಮೈಂ ಉತರೂಂಗಿ."

ಅವನು ಕೂತ. ಆಮೇಲೆ ಇಳಿದಳು. ಇಳಿದವಳೇ ನನ್ನ ತೋಳಿನ ಮೇಲೆ ಎಚ್ಚರ ತಪ್ಪಿದಳು.

ಆಸ್ಪತ್ರೆಯ ಮಂಚದ ಪಕ್ಕ ಪೊಲೀಸನೊಬ್ಬ ಬಂದು ಕೂತ. ಬೋಲ್ಟು ಕದ್ದು ಜೀವಹಾನಿಗೆ ಹೊಂಚು ಹಾಕಿದಳೆಂದು ಮ್ಯಾನೇಜರ್ ದೂರು ಕೊಟ್ಟಿದ್ದ. ಕಳ್ಳನಂತೆ ಬಂದು ಎಳೆದೊಯ್ದವನು ದೂರುದಾರ, ಕೈ ಜಜ್ಜಿಸಿಕೊಂಡವಳು ಅಪರಾಧಿ. ಮೂರು ಬೆರಳು ಹೋದವು, ಉಳಿದವು ಮಡಚುತ್ತಿರಲಿಲ್ಲ. ಎಚ್ಚರವಾದಾಗ ಆಕೆ ಕೇಳಿದ್ದು ಬಸ್ಸು ಎಲ್ಲಿದೆ ಎಂದು. ಗುಲಾಬ್ ಮತ್ತು ಸಂಗಡಿಗರು ಸರದಿಯ ಮೇಲೆ ಅದರೊಳಗೆ ಕೂತಿದ್ದರು. ಶೆಡ್ಡಿಗೆ ಎಳೆದು ತರುವವರೆಗೆ ಅದು ಖಾಲಿಯಾಗಿರಲಿಲ್ಲ.

ನ್ಯಾಯಾಲಯದಲ್ಲಿ ಕಂಪನಿಯ ವಕೀಲ ವಾದಿಸಿದ್ದು ಒಂದೇ: ಬಸ್ಸು ಶೆಡ್ಡಿನಿಂದ ಹೊರಬಿತ್ತು, ಆಕೆಯ ಹಕ್ಕೂ ಅಲ್ಲಿಗೇ ಮುಗಿಯಿತು. ಸಾಕ್ಷಿಕಟ್ಟೆಯಲ್ಲಿ ನಾನು ಕಂಡದ್ದನ್ನು ಹೇಳಿದೆ. ನನಗಿಂತ ಹೆಚ್ಚು ತೂಗಿದ್ದು ಯಶವಂತನ ಮಾತು. ಈ ಹೆಂಗಸು ಎಚ್ಚರಿಸಿದಳು, ಈ ಹೆಂಗಸು ಇಳಿಯಲಿಲ್ಲ ಎಂದು ಅವನು ಮರಾಠಿಯಲ್ಲಿ ಎರಡು ಸಲ ಹೇಳಿದ. ಸಂಜೆಯೊಳಗೆ ಅವನ ಕೆಲಸ ಹೋಯಿತು. ನ್ಯಾಯಾಧೀಶರು ಬಸ್ಸು ಆಕೆಯ ವಶ ತಪ್ಪಿಲ್ಲವೆಂದರು, ಬೋಲ್ಟಿನ ದೂರು ಬಿದ್ದುಹೋಯಿತು. ಬಸ್ಸಿಲ್ಲದೆ ಪರ್ಮಿಟ್ಟು ರದ್ದಾಗುವ ಹೊತ್ತಿಗೆ ಶೇಠ್ ಮೂರನೆಯ ಬಸ್ಸಿನ ಕೂಲಿಯನ್ನು ತಂದು ಕಟ್ಟಿದ.

ಗೆದ್ದೆವು ಎಂದು ಜನ ಪೇಡಾ ಹಂಚಿದರು. ಏನು ಗೆದ್ದದ್ದು? ಮೊದಲ ಎರಡು ಬಸ್ಸುಗಳ ಕೂಲಿ ಸಿಗಲೇ ಇಲ್ಲ. ಅದಕ್ಕೆ ಬೇರೆ ದಾವೆ, ಅದಕ್ಕೆ ಬೇರೆ ಖರ್ಚು. ಕೈಗೆ ಪರಿಹಾರವೂ ಇಲ್ಲ, ಯಾಕೆಂದರೆ ಆಕೆ ಕಂಪನಿಯ ನೌಕರಳಲ್ಲ. ನೌಕರಳಲ್ಲದ್ದರಿಂದಲೇ ಹಿಡಿದಿಟ್ಟುಕೊಳ್ಳುವ ಹಕ್ಕು, ನೌಕರಳಲ್ಲದ್ದರಿಂದಲೇ ಪರಿಹಾರವಿಲ್ಲ. ಬಂದದ್ದರಲ್ಲಿ ಮರದ ಡಿಪೋದ ಬಾಕಿ ತೀರಿಸಿ, ಶೆಡ್ಡಿನವರಿಗೆ ಹಂಚಿ, ಯಶವಂತನ ಮನೆಗೂ ಒಂದು ಪಾಲು ಕಳಿಸಿದಳು. "ಅವನೂ ಆ ಬಸ್ಸಿಗೆ ದುಡದಾನ" ಎಂದಳು.

ದಬ್ಬಣ ಮತ್ತೆ ತುರುಬಿಗೆ ಬಂತು. ಎಡಗೈಯಿಂದ ಸಿಕ್ಕಿಸಿಕೊಳ್ಳುತ್ತಿದ್ದಳು. ಸೀಟು ಹೊಲಿಯುವುದನ್ನು ಬೇರೆಯವರಿಗೆ ಕಲಿಸುತ್ತ, ಬಯ್ಯುತ್ತ ಕೂರುತ್ತಿದ್ದಳು.

ಭಾಷಾವಾರು ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ನನಗೆ ಬೆಂಗಳೂರಿಗೆ ವರ್ಗವಾಯಿತು. ಹೊರಡುವ ದಿನ ಸ್ಟೇಷನ್ನಿಗೆ ಬಿಡಲು ಆಕೆ ಬಂದಳು. ನನ್ನ ಟ್ರಂಕನ್ನು ನಡುವೆ ಇಟ್ಟುಕೊಂಡು ಕಾಮಠಿ ರಸ್ತೆಯಲ್ಲಿ ಬಸ್ಸಿಗೆ ನಿಂತೆವು. ಒಂದು ಬಂತು. ನಾನು ಟ್ರಂಕಿಗೆ ಕೈ ಹಾಕಿದೆ. ಕಾಶವ್ವ ಮುಖ ತಿರುಗಿಸಿ ನಿಂತಳು. ಅದು ಹೋಯಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಬಂತು. ಅದಕ್ಕೂ ಮುಖ ತಿರುಗಿಸಿದಳು. ರೈಲು ತಪ್ಪುತ್ತದೆಂದು ನಾನು ಚಡಪಡಿಸಿದೆ.

"ತಪ್ಪಿದ್ರ ನಾಳೆ ಹೋಗ್ರಿ. ಜಲ್ದಿ ಯಾಕ ಮಾಡ್ತೀರಿ? ನಮ್ಮದು ಬರ್ತೈತಿ."

ಮೂರನೆಯದು ಬಂತು. ಮುಂದಿನ ಮೂಲೆಯಲ್ಲಿ, ಗೋಡೆಗೆ ತಾಗಿದ ಕಡೆ, ತಗಡಿನ ತೇಪೆ ಇತ್ತು. ಕಾಶವ್ವ ನನಗಿಂತ ಮೊದಲೇ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಕಂಡಕ್ಟರ್ ಟಿಕೆಟ್ ಕೇಳಿದ. ನಾನು ಕೊಡಲು ಹೋದರೆ ತಡೆದು, ಎಡಗೈಯಿಂದ ಸೆರಗಿನ ಗಂಟು ಬಿಚ್ಚಿ ತನ್ನ ಟಿಕೆಟ್ಟನ್ನು ತಾನೇ ಕೊಂಡಳು. ಆಮೇಲೆ ಅದೇ ಕೈಯನ್ನು ಸೀಟಿನ ಅಡಿಗೆ ಹಾಕಿ ಮೆಲ್ಲಗೆ ತಡವಿದಳು. ಕೆಂಪು ದಾರ ಸಿಕ್ಕಿರಬೇಕು.

"ಚಲೋ ಕೂಡ್ರಿ ಬೀಯೆ ಸಾಹೇಬ್ರ" ಎಂದಳು. "ಇದರಾಗ ನಮ್ಮದೇನೂ ಬಾಕಿ ಇಲ್ಲ."

ಮತ್ತೆ ನಾನು ನಾಗಪುರಕ್ಕೆ ಹೋದದ್ದು ಕೆಲವು ವರ್ಷಗಳ ಮೇಲೆ, ಕಚೇರಿಯ ಕೆಲಸದ ಮೇಲೆ. ಶೆಡ್ಡಿದ್ದ ಜಾಗದಲ್ಲಿ ಸೌದೆಯ ಅಡ್ಡೆ ಇತ್ತು. ಗುಲಾಬ್ ಮಿಸ್ತ್ರಿ ಅದೇ ಗಲ್ಲಿಯಲ್ಲಿ ಸಿಕ್ಕಿದ. ಹಿಂದಿನ ಬೇಸಿಗೆಯಲ್ಲಿ ಕಾಶವ್ವ ಹೋದಳೆಂದು ಹೇಳಿ, ಕೈ ಮೇಲೆತ್ತಿದ. ಊರಿನಲ್ಲಿ ಸುದ್ದಿ ಮುಟ್ಟಿಸಲು ಅವಳವರು ಯಾರೂ ಇರಲಿಲ್ಲವಂತೆ, ಶೆಡ್ಡಿನವರೇ ಮಣ್ಣು ಮಾಡಿದರಂತೆ. ದಬ್ಬಣ ತುರುಬಿನಲ್ಲೇ ಇತ್ತಂತೆ, ಯಾರೂ ತೆಗೆಯಲಿಲ್ಲವಂತೆ.

ಸ್ಟೇಷನ್ನಿಗೆ ವಾಪಸಾಗಲು ರಸ್ತೆಗೆ ಬಂದು ನಿಂತೆ. ಕಂಪನಿಯ ಬಸ್ಸೊಂದು ಬಂತು. ಅಷ್ಟರಲ್ಲಿ ಎಲ್ಲಕ್ಕೂ ಹೊಸ ತಗಡು, ಹೊಸ ಬಣ್ಣ. ತೇಪೆಯ ಗುರುತು ಹುಡುಕಿದೆ. ಸಿಗಲಿಲ್ಲ. ಮೊದಲನೆಯದೋ ಎರಡನೆಯದೋ ಮೂರನೆಯದೋ ತಿಳಿಯಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನಿಂತು ಬೇಗ ಹತ್ತಿ ಎಂದು ಕೂಗಿದ.

ನಾನು ಮುಖ ತಿರುಗಿಸಿ ನಿಂತೆ. ಬಸ್ಸು ದಾಟಿಹೋದ ಮೇಲೆ ಚೀಲವನ್ನು ಹೆಗಲಿಗೇರಿಸಿ, ಸೇತುವೆಯ ಕಡೆಗೆ ನಡೆದೆ.